ವಿಳಾಸ ಮರೆಯದ ಡಬ್ಬಿ

ಆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಮಧ್ಯಾಹ್ನ ಎರಡೂವರೆಯವರೆಗೆ ನಮ್ಮ ಸರ್ ಮಾತಿಲ್ಲದೆ ಕೂತಿದ್ದರು. ಬಾಯಿಯ ಮಾತು ನಿಂತು ಆಗಲೇ ಎರಡು ವರ್ಷವಾಗಿತ್ತು, ನಾನು ಹೇಳುತ್ತಿರುವುದು ಆ ಮಾತಲ್ಲ. ಮೈಯ ಸ್ನಾಯುಗಳನ್ನು ಒಂದೊಂದಾಗಿ ಕಸಿದುಕೊಂಡ ಕಾಯಿಲೆ ಅವರಿಗೆ ಕಣ್ಣುಗಳನ್ನೂ ಬಲಗೆನ್ನೆಯನ್ನೂ ಬಿಟ್ಟಿತ್ತು. ಗಾಲಿಕುರ್ಚಿಯ ತಲೆದಿಂಬಿನ ಪಕ್ಕದಿಂದ ಬಾಗಿ ಬಂದ ಕಂಬಿಯ ತುದಿಯಲ್ಲಿ ಒಂದು ಗುಂಡಿ. ಪರದೆಯ ಮೇಲೆ ಅಕ್ಷರಗಳು ಒಂದಾದ ಮೇಲೊಂದು ಬೆಳಗುತ್ತಾ ಹೋಗುತ್ತವೆ. ಬೇಕಾದ ಅಕ್ಷರ ಬೆಳಗಿದಾಗ ಕೆನ್ನೆಯಿಂದ ಗುಂಡಿ ಒತ್ತಬೇಕು. ಗುಂಡಿಗೂ ಕಂಪ್ಯೂಟರಿಗೂ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಬೂದು ಬಣ್ಣದ ಡಬ್ಬಿ, ಅದರಿಂದ ಹೊರಟ ಒಂದು ಯುಎಸ್‌ಬಿ ವೈರು. ಅವರ ಮಾತು, ಇಮೇಲು, ಯಾರನ್ನಾದರೂ ತುರ್ತಾಗಿ ಕರೆಯುವ ಗಂಟೆ, ಎಲ್ಲವೂ ಆ ವೈರಿನಲ್ಲೇ ಹೋಗಬೇಕು.

ಆ ದಿನ ಹತ್ತು ಗಂಟೆಗೆ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಮಾಡಿಕೊಂಡು ರೀಸ್ಟಾರ್ಟ್ ಆಯಿತು. ಎದ್ದ ಮೇಲೆ ಡಬ್ಬಿಯನ್ನು ಗುರುತಿಸಲಿಲ್ಲ. ಯುಎಸ್‌ಬಿ ಸಾಧನವನ್ನು ಗುರುತಿಸಲಾಗಲಿಲ್ಲ ಎಂಬ ಪುಟ್ಟ ಚೌಕವೊಂದು ಪರದೆಯ ಮೂಲೆಯಲ್ಲಿ ಬಂದು ಕೂತಿತು. ಮಧ್ಯಾಹ್ನದ ನರ್ಸ್ ಅವತ್ತು ತಡ. ಕಿಟಕಿಯ ಪರದೆ ಎಳೆದಿರಲಿಲ್ಲ, ಹನ್ನೆರಡರ ಹೊತ್ತಿಗೆ ಬಿಸಿಲು ನೇರ ಅವರ ಕಣ್ಣಿಗೆ ಬಿತ್ತು. ಅವರ ಹೆಂಡತಿ, ನಾನು ಭಾಭಿ ಎಂದು ಕರೆಯುವವರು, ಶಿಫೋಲ್ ವಿಮಾನ ನಿಲ್ದಾಣದ ಅಂಗಡಿಯ ಪಾಳಿ ಮುಗಿಸಿ ಎರಡೂವರೆಗೆ ಮನೆಗೆ ಬಂದಾಗ ಅವರ ಎರಡೂ ಕಣ್ಣು ಕೆಂಪಾಗಿ ನೀರು ಕೆನ್ನೆಯ ಮೇಲೆ ಒಣಗಿತ್ತು. ಭಾಭಿ ವೈರು ಕಿತ್ತು ಮತ್ತೆ ಚುಚ್ಚಿದರು. ಡಬ್ಬಿ ತಕ್ಷಣ ಎಚ್ಚರವಾಯಿತು. ಅವರು ಮೊದಲು ಬರೆದದ್ದು ಭಾಭಿಗಲ್ಲ, ನನಗೆ. "ಗುರುವಾರ ರಜೆ ಹಾಕು. ಫೋನ್ ಮಾಡ್ಬೇಕು."

ಅವರು ಈ ದೇಶದಲ್ಲಿ ನನ್ನ ಮೊದಲ ಮ್ಯಾನೇಜರ್. ಬೆಂಗಳೂರಿನ ಶಿವಾಜಿನಗರದವರು, ಮನೆಯೊಳಗೆ ದಖನಿ, ಹೊಸ್ತಿಲು ದಾಟಿದರೆ ಕನ್ನಡ. ನಾನು ಗದಗಿನವಳು. ಆಮ್‌ಸ್ಟರ್‌ಡ್ಯಾಮಿನ ಆ ಕಚೇರಿಯಲ್ಲಿ ನಾವಿಬ್ಬರೂ ಪ್ರಿಂಟರು, ಸ್ಕ್ಯಾನರುಗಳನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ಸಣ್ಣ ಪ್ರೋಗ್ರಾಮುಗಳನ್ನು ಬರೆಯುತ್ತಿದ್ದೆವು. ನನ್ನ ಮೊದಲ ವರದಿಯಲ್ಲಿ "ಆಗಾಗ ಹೀಗಾಗುತ್ತದೆ" ಎಂದು ಬರೆದಿದ್ದೆ. ಅದನ್ನು ವಾಪಸು ಕೊಟ್ಟು, ಆಗಾಗ ಎನ್ನುವುದು ಕಾರಣವಲ್ಲ, ನಮಗಿನ್ನೂ ಗೊತ್ತಿಲ್ಲ ಎಂಬುದನ್ನು ನಾಚಿಕೆಯಿಲ್ಲದೆ ಹೇಳುವ ರೀತಿ ಎಂದಿದ್ದರು. ಅವತ್ತು ಟಾಯ್ಲೆಟ್ಟಿಗೆ ಹೋಗಿ ಅತ್ತಿದ್ದೆ. ಆಮೇಲಿನ ಹನ್ನೊಂದು ವರ್ಷದಲ್ಲಿ ಆ ಪದವನ್ನು ಮತ್ತೆ ಬರೆಯಲಿಲ್ಲ.

ಗುರುವಾರ ನಾನಿರುವ ಆಲ್ಮೆರೆಯಿಂದ ರೈಲು, ಆಮೇಲೆ ಬಸ್ಸು ಹಿಡಿದು ಬಾಡ್‌ಹೂವೆಡಾರ್ಪ್‌ನ ಅವರ ಮನೆಗೆ ಹೋದೆ. ಡಬ್ಬಿ ಮಾಡುವ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಆ ಕಡೆಯವನು ಬಹಳ ಮರ್ಯಾದೆಯ ಮನುಷ್ಯ. ಪೂರ್ತಿ ಕೇಳಿಸಿಕೊಂಡ. ಕಂಪ್ಯೂಟರ್ ಶುರುವಾಗುವಾಗ ಕೆಲವೊಮ್ಮೆ ಹೀಗಾಗುವುದುಂಟು, ಗಾಬರಿ ಬೇಡ, ವೈರು ಕಿತ್ತು ಮತ್ತೆ ಚುಚ್ಚಿದರೆ ಸರಿಹೋಗುತ್ತದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದ. ನಾನು ಉತ್ತರ ಹುಡುಕುತ್ತಿದ್ದಾಗ ಪಕ್ಕದಲ್ಲಿ ಗುಂಡಿಯ ಸಣ್ಣ ಸದ್ದು ಕೇಳುತ್ತಿತ್ತು. ಒಂದು ನಿಮಿಷದ ಮೇಲೆ ಯಂತ್ರದ ದನಿ ಡಚ್ಚಿನಲ್ಲಿ ಕೇಳಿತು:

"ಯಾವ ಕೈಯಿಂದ?"

ಆತ, ದೂರನ್ನು ಬರೆದುಕೊಳ್ಳುತ್ತೇನೆ ಎಂದ. ಮರುದಿನ ಇಮೇಲು ಬಂತು: ನಮ್ಮಲ್ಲಿ ಪರೀಕ್ಷಿಸಿದ್ದೇವೆ, ಸಾಧನ ನಿಗದಿಯಂತೆಯೇ ಕೆಲಸ ಮಾಡುತ್ತಿದೆ, ದೂರನ್ನು ಮುಚ್ಚಲಾಗಿದೆ. ಅದನ್ನು ಸರ್ ನನಗೆ ಕಳಿಸಿ ಕೆಳಗೆ ಬರೆದಿದ್ದರು. ಕನ್ನಡವನ್ನು ಅವರು ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು, ಯಂತ್ರಕ್ಕೆ ಅದನ್ನು ಓದಲು ಬರುವುದಿಲ್ಲ, ನಾವೇ ಓದಿಕೊಳ್ಳಬೇಕು. "ಅವರು ಮುಚ್ಚಿದಾರೆ. ನಾವು ತೆಗೀತೀವಿ. ಶನಿವಾರ ಬಾ."

ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂಬ ಆ ಮಾತು ರೈಲಿನಲ್ಲಿ ನನ್ನನ್ನು ಕೊರೆಯುತ್ತಿತ್ತು. ಎಲ್ಲರೂ ಅಂದರೆ ಯಾರು? ಗುಂಡಿಯನ್ನು ಕೆನ್ನೆಯಿಂದ, ಮೊಣಕಾಲಿನಿಂದ, ಕಾಲ್ಬೆರಳಿನಿಂದ ಒತ್ತುವವರಿಗೆಂದೇ ಮಾಡಿದ ಡಬ್ಬಿ ಅದು. ಅದನ್ನು ಕೊಂಡ ಯಾರಿಗೂ ಬಗ್ಗಿ ವೈರು ಕೀಳಲು ಬರುವುದಿಲ್ಲ. ಕೀಳುತ್ತಿದ್ದವರು ಅವರ ಹೆಂಡಂದಿರು, ಗಂಡಂದಿರು, ತಾಯಂದಿರು. ಭಾಭಿ ಎಂಟು ತಿಂಗಳಿನಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮೇಜಿನ ಹಿಂದೆ ಮಂಡಿಯೂರಿ ಅದನ್ನು ಮಾಡುತ್ತಿದ್ದರು. ನರ್ಸುಗಳಿಗೆ ವೈರು ಮುಟ್ಟಬಾರದೆಂದು ಅವರ ಸಂಸ್ಥೆಯ ಕಟ್ಟಪ್ಪಣೆ.

ಆದರೂ ಶನಿವಾರ ನನ್ನನ್ನು ತಡೆದವರು ಭಾಭಿಯೇ. ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನೋಡಮ್ಮಾ, ಆ ಡಬ್ಬಾ ನಮ್ದಲ್ಲ. ಇನ್ಶೂರೆನ್ಸ್‌ನೋರು ಕೊಟ್ಟಿರೋದು. ನೀವಿಬ್ರೂ ಸೇರ್ಕೊಂಡು ಏನೋ ಮಾಡಕ್ಕೋಗಿ ಅದು ಹಾಳಾದ್ರೆ, ಇರೋ ಮಾತೂ ಹೋಗತ್ತೆ. ದಿನಾ ನಾನು ಕಿತ್ತು ಹಾಕ್ತಿಲ್ವಾ? ಮಾಡ್ತೀನಿ ಬಿಡು."

"ಡಬ್ಬಿ ಬಿಚ್ಚೂದಿಲ್ರೀ ಭಾಭಿ," ಎಂದೆ. "ವೈರಿನ್ಯಾಗ ಕಂಪ್ಯೂಟರಿಗೂ ಅದಕ್ಕೂ ಏನ್ ಮಾತು ನಡೀತದ ಅಂತ ಕೇಳಿಸ್ಕೋತೀವಿ, ಅಷ್ಟ."

ಅವರು ನಂಬಲಿಲ್ಲ. ಆದರೆ ಹೊರಗೆ ಬಂದು ಗಂಡನ ಮುಖ ನೋಡಿ ಸುಮ್ಮನಾದರು. ಆ ಮುಖದಲ್ಲಿ ಅಲುಗುವಂಥದು ಹೆಚ್ಚೇನೂ ಉಳಿದಿರಲಿಲ್ಲ. ಹಟ ಮಾತ್ರ ಎದ್ದು ಕಾಣುತ್ತಿತ್ತು.

ಅವರು ಹೇಳುವುದು, ನಾನು ಮಾಡುವುದು ಎಂದು ಒಪ್ಪಂದವಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಗೂ ಹತ್ತು ಸಲ ರೀಸ್ಟಾರ್ಟ್. ಎಲ್ಲವೂ ಕಾಗದದ ಮೇಲೆ. ಇದರಲ್ಲಿದ್ದ ಕಷ್ಟ ನನಗೆ ಮೊದಲ ರೀಸ್ಟಾರ್ಟಿನ ನಂತರವೇ ಹೊಳೆದದ್ದು. ಡಬ್ಬಿ ಕೈಕೊಟ್ಟಾಗಲೆಲ್ಲ ಅವರ ಮಾತು ನಿಲ್ಲುತ್ತದೆ. ನಾನು ವೈರು ಕಿತ್ತು ಚುಚ್ಚುವವರೆಗೆ ಅವರಿಗೆ ಕಣ್ಣು ಮಿಟುಕಿಸುವುದೊಂದೇ ದಾರಿ: ಒಮ್ಮೆ ಮಿಟುಕಿಸಿದರೆ ಹೌದು, ಎರಡು ಸಲ ಮಿಟುಕಿಸಿದರೆ ಇಲ್ಲ. ಮಂಗಳವಾರ ಯಾವುದು ಅವರನ್ನು ಹಿಂಸಿಸಿತೋ ಅದನ್ನೇ ಅವರು ಶನಿವಾರ ಬೇಕೆಂದೇ ಮತ್ತೆ ಮತ್ತೆ ಮೈಮೇಲೆ ಎಳೆದುಕೊಂಡರು. ನಿಲ್ಲಿಸೋಣವೇ ಎಂದು ನಾನು ಕೇಳಿದಾಗಲೆಲ್ಲ ಎರಡು ಮಿಟುಕು.

ವೈರು ಬದಲಿಸಿದೆವು. ಸಾಕೆಟ್ ಬದಲಿಸಿದೆವು. ಶುರುವಿನಲ್ಲಿ ಡಬ್ಬಿಗೆ ಸಾಕಷ್ಟು ವಿದ್ಯುತ್ತು ಸಿಗುತ್ತಿಲ್ಲವೇನೋ ಎಂದು ಅವರ ಅನುಮಾನ. ಬೇರೆ ವಿದ್ಯುತ್ತಿನಿಂದ ನಡೆಯುವ, ಹಲವು ಯುಎಸ್‌ಬಿ ಸಾಕೆಟ್ಟುಗಳಿರುವ ಹಬ್ ಒಂದನ್ನು ನಡುವೆ ಇಟ್ಟೆವು. ವಿದ್ಯುತ್ ಉಳಿಸಲು ಕಂಪ್ಯೂಟರೇ ಅದನ್ನು ಮಲಗಿಸುತ್ತದೆಯೇನೋ ಎಂದು ನನ್ನ ಅನುಮಾನ. ಆ ಸೆಟಿಂಗ್ ತೆಗೆದೆ. ಮೊದಲ ಸಲವೇ ಡಬ್ಬಿ ಎಚ್ಚರವಾಯಿತು. ನಾನು ಭಾಭಿಯನ್ನು ಕೂಗಿ ಕರೆದೂ ಬಿಟ್ಟೆ. ಸರ್ ಎರಡು ಸಲ ಕಣ್ಣು ಮಿಟುಕಿಸಿದರು. ಗಡಿಬಿಡಿಯಲ್ಲಿ ನಾನೇ ವೈರನ್ನು ಒಮ್ಮೆ ಕಿತ್ತು ಚುಚ್ಚಿದ್ದನ್ನು ಅವರು ನೋಡಿದ್ದರು. ಉಳಿದ ಒಂಬತ್ತು ಸಲವೂ ಕೈಕೊಟ್ಟಿತು.

ಕೊನೆಗೆ ಡಬ್ಬಿಯನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದೆ. ಹತ್ತಕ್ಕೆ ಹತ್ತೂ ಸಲ ಸರಿ. ಕಂಪನಿಯವರು ತಮ್ಮಲ್ಲಿ ಏನೂ ಆಗುತ್ತಿಲ್ಲ ಎಂದದ್ದು ಸುಳ್ಳಾಗಿರಲಿಲ್ಲ. ಇನ್ನು ಹುಡುಕುವುದೇನೂ ಉಳಿದಿಲ್ಲ ಎಂದುಕೊಂಡೆ. ಆದರೆ ವೈರು ವಾಪಸು ಚುಚ್ಚಿದ ಮೇಲೆ ಸರ್ ಬರೆದರು: "ಒಳ್ಳೇದಾಯ್ತು. ಇಲ್ಲಿ ಯಾವಾಗಲೂ ಇಲ್ಲ, ಅಲ್ಲಿ ಯಾವಾಗಲೂ ಹೌದು. ಇದು ದೆವ್ವ ಅಲ್ಲ."

ಮುಂದಿನ ವಾರ ನಮ್ಮ ಕಚೇರಿಯಲ್ಲಿ ಅನುಮತಿ ಕೇಳಿ ಒಂದು ಉಪಕರಣ ತಂದೆ. ವೈರಿನ ನಡುವೆ ಅದನ್ನು ಕೂರಿಸಿದರೆ ಕಂಪ್ಯೂಟರಿಗೂ ಸಾಧನಕ್ಕೂ ನಡೆಯುವ ಪ್ರತಿ ಮಾತನ್ನೂ ದಾಖಲಿಸುತ್ತದೆ. ಆ ಮಾತಿಗೊಂದು ಕ್ರಮವಿದೆ. ಕಂಪ್ಯೂಟರ್ ಮೊದಲು ಸಾಧನವನ್ನು ರೀಸೆಟ್ ಮಾಡುತ್ತದೆ. ರೀಸೆಟ್ ಆದ ಸಾಧನ ಹಿಂದಿನದನ್ನೆಲ್ಲ ಮರೆತು ಸೊನ್ನೆ ಎಂಬ ವಿಳಾಸದಲ್ಲಿ ಕಾದಿರಬೇಕು. ಕಂಪ್ಯೂಟರ್ ಆ ಸೊನ್ನೆಯನ್ನು ನೀನು ಯಾರೆಂದು ಕೇಳುತ್ತದೆ. ಉತ್ತರ ಬಂದರೆ ಅದಕ್ಕೊಂದು ಸ್ವಂತ ವಿಳಾಸ ಕೊಟ್ಟು ಕೆಲಸಕ್ಕೆ ಹಚ್ಚುತ್ತದೆ. ಬರದಿದ್ದರೆ ಇನ್ನೆರಡು ಮೂರು ಸಲ ಕೇಳಿ ಕೈಬಿಡುತ್ತದೆ.

ದಾಖಲೆಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಅವರ ಕಣ್ಣಿಗೆ ನೇರವಾಗಿ ಹಿಡಿದೆ. ಕಂಪ್ಯೂಟರಿನ ಗುಂಡಿ ಒತ್ತಿದ ಮರುಗಳಿಗೆಯಲ್ಲೇ ರೀಸೆಟ್, ಪ್ರಶ್ನೆ, ಅಚ್ಚುಕಟ್ಟಾದ ಉತ್ತರ. ವಿಳಾಸ ಎರಡು ಎಂದು ಕೊಟ್ಟದ್ದೂ ಆಯಿತು. ಎಲ್ಲವೂ ಸರಿ. ಕೆಲವು ಸೆಕೆಂಡು ಬಿಟ್ಟು ಇನ್ನೊಂದು ರೀಸೆಟ್. ಸೊನ್ನೆಗೆ ಪ್ರಶ್ನೆ. ಮೌನ. ಮತ್ತೆ ಪ್ರಶ್ನೆ, ಮತ್ತೆ ಮೌನ. ನಾನು ಆ ಮೌನದ ಸಾಲುಗಳನ್ನೇ ಕೆದಕುತ್ತಿದ್ದೆ. ಸರ್ ಕಣ್ಣು ಮಾತ್ರ ಮೇಲಿನ ಸಾಲುಗಳಿಂದ ಇಳಿಯಲಿಲ್ಲ. ಅವರಿಗೆ ಏನೋ ಹೇಳಬೇಕಿದೆ ಎಂದು ತಿಳಿದು ವೈರು ಕಿತ್ತು ಚುಚ್ಚಿದೆ. ಅವರು ಬರೆದರು: "ಮೊದ್ಲು ಮಾತಾಡಿದ್ದು ಯಾರು?"

ಸಾಲುಗಳ ಪಕ್ಕದ ಸಮಯ ನೋಡಿದೆ. ಮೊದಲ ಮಾತುಕತೆಯ ಹೊತ್ತಿಗೆ ಆಪರೇಟಿಂಗ್ ಸಿಸ್ಟಮ್ ಇನ್ನೂ ಎದ್ದೇ ಇರಲಿಲ್ಲ. ಅದಕ್ಕೂ ಮುಂಚೆ ಎದ್ದು ಕೀಬೋರ್ಡು ಮುಂತಾದವನ್ನು ಹುಡುಕಿಡುವ ಒಂದು ಚಿಕ್ಕ ಪ್ರೋಗ್ರಾಮು ಕಂಪ್ಯೂಟರಿನ ಬೋರ್ಡಿನಲ್ಲೇ ಇರುತ್ತದೆ. ಡಬ್ಬಿಗೆ ಎರಡನೆಯ ನಂಬರಿನ ವಿಳಾಸ ಕೊಟ್ಟದ್ದು ಅದು. ಆಮೇಲೆ ಆಪರೇಟಿಂಗ್ ಸಿಸ್ಟಮ್ ಬಂದು, ಎಲ್ಲವನ್ನೂ ರೀಸೆಟ್ ಮಾಡಿ, ಮೊದಲಿನಿಂದ ಶುರು ಮಾಡಿ ಸೊನ್ನೆಯನ್ನು ಕರೆಯುತ್ತದೆ. ಡಬ್ಬಿ ಹಳೆಯ ವಿಳಾಸದಲ್ಲೇ ಕೂತಿದೆ. ವೈರು ಕಿತ್ತರೆ ವಿದ್ಯುತ್ತು ಹೋಗಿ ಮರೆಯುತ್ತದೆ; ಬರೀ ರೀಸೆಟ್ ಮಾಡಿದರೆ ಮರೆಯುವುದಿಲ್ಲ. ನನ್ನ ಲ್ಯಾಪ್‌ಟಾಪ್ ಹೊಸದು, ಬೇಗ ಏಳಲೆಂದು ಆ ಮೊದಲ ಹುಡುಕಾಟವನ್ನು ಬಿಟ್ಟೇಬಿಡುತ್ತದೆ. ಕಂಪನಿಯ ಕಂಪ್ಯೂಟರುಗಳೂ ಅಂಥವೇ ಇದ್ದಿರಬೇಕು.

ಸರ್ ಕಂಪ್ಯೂಟರಿನಲ್ಲೂ ಆ ಹುಡುಕಾಟದ ಸೆಟಿಂಗ್ ಆಫ್ ಮಾಡಿದೆ. ಹತ್ತು ಸಲ ರೀಸ್ಟಾರ್ಟ್, ಹತ್ತೂ ಸಲ ಡಬ್ಬಿ ಎದ್ದಿತು. ಭಾಭಿಗೆ ಹೇಗೆ ಹೇಳುವುದೆಂದು ತಿಳಿಯದೆ, ನಾನು ಆಮ್‌ಸ್ಟೆಲ್‌ವೇನ್ ಬಿಟ್ಟು ಆಲ್ಮೆರೆಗೆ ಹೋದಾಗ ಊರಿನ ಖೆಮೇಂಟೆ, ಅಂದರೆ ಪುರಸಭೆಯ ಕಚೇರಿಗೆ ವಿಳಾಸ ಬದಲಿಸಿದ್ದನ್ನು ತಿಳಿಸಲು ಮರೆತು ಕಾಗದಗಳೆಲ್ಲ ಹಳೆಯ ಮನೆಗೆ ಹೋದ ಕತೆ ನೆನಪಿಸಿದೆ. ಅವರಿಗೆ ಅಷ್ಟೇ ಸಾಕಾಯಿತು. ಕುರ್ಚಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡು, ಸರಿಹೋಯಿತಲ್ಲ, ಇನ್ನು ಇದನ್ನು ಇಲ್ಲಿಗೇ ಬಿಡಿ ಎಂದರು.

ಸರ್ ಬಿಡಲಿಲ್ಲ. "ನನಗೆ ಸೆಟಿಂಗ್ ಬದಲಾಯ್ಸೋಕೆ ಇವಳಿದಾಳೆ. ಈ ಡಬ್ಬಿ ನನಗೊಬ್ಬನಿಗೇ ಮಾಡಿಲ್ಲ."

ಕಂಪನಿಗೆ ವರದಿ ಬರೆಯಲು ಅವರಿಗೆ ಒಂಬತ್ತು ದಿನ ಹಿಡಿಯಿತು. ನಾಲ್ಕು ಪುಟ, ಡಚ್ಚಿನಲ್ಲಿ, ಕೆನ್ನೆಯಿಂದ. ನಾನು ಒಂದು ಸಂಜೆಯಲ್ಲಿ ಬರೆದುಕೊಡುತ್ತೇನೆಂದು ಎರಡು ಸಲ ಕೇಳಿದೆ. ಎರಡನೆಯ ಸಲ ಉತ್ತರ ಬಂತು: "ಬೇಡ. ನೀನು ಬರೆದ್ರೆ ಪಾಪ ಯಾರೋ ಸಹಾಯ ಮಾಡಿದಾರೆ ಅಂತಾರೆ. ನಾನು ಬರೆದ್ರೆ ತಪ್ಪು ಕಂಡುಹಿಡಿದೋನು ನಾನು."

ಕಂಪನಿ ಧನ್ಯವಾದ ಹೇಳಿತು. ಹೊರಗಿನವರು ಮಾಡಿದ ಅಳತೆಗಳ ಬಗ್ಗೆ ಅಭಿಪ್ರಾಯ ಹೇಳಲಾಗದು, ಆದರೂ ಗ್ರಾಹಕರ ಸಮಾಧಾನಕ್ಕಾಗಿ ಬೇರೆ ಡಬ್ಬಿ ಕೊಡುತ್ತೇವೆ, ದೂರನ್ನು ಮುಚ್ಚಲಾಗಿದೆ ಎಂದಿತು. ಬೇರೆ ಡಬ್ಬಿ ಎಂದರೆ ಅದೇ ಮಾದರಿಯ ಇನ್ನೊಂದು. ಹೇಳಿದ ದಿನ ತಂತ್ರಜ್ಞರೊಬ್ಬರು ಬಂದರು. ನಿವೃತ್ತಿಯ ಹತ್ತಿರದ ವಯಸ್ಸು, ಬಾಗಿಲಲ್ಲೇ ಶೂ ಬಿಚ್ಚಿದ ಎತ್ತರದ ಮನುಷ್ಯ. ಸರ್‌ಗೆ ನಮಸ್ಕಾರ ಹೇಳಿ, ಹೊಸ ಡಬ್ಬಿ ಮೇಜಿನ ಮೇಲಿಟ್ಟು, ಹಳೆಯದಕ್ಕೆ ಕೈ ಚಾಚಿದರು. ಹೊಸದರಲ್ಲೂ ಅದೇ ತಪ್ಪಿದೆಯೋ ಗೊತ್ತಿಲ್ಲ, ಹಳೆಯದು ಹೋದರೆ ನಮ್ಮ ಹತ್ತಿರ ತೋರಿಸಲು ಏನೂ ಉಳಿಯುವುದಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾಭಿ ಮೇಜಿಗೂ ಆತನಿಗೂ ನಡುವೆ ಬಂದು ನಿಂತಿದ್ದರು.

"ಮೊದಲು ನೋಡಿ," ಎಂದರು, ತಮ್ಮ ಅಂಗಡಿಯ ಡಚ್ಚಿನಲ್ಲಿ. "ಆಮೇಲೆ ತಗೊಂಡು ಹೋಗಿ."

ಬದಲಿಸುವುದಷ್ಟೇ ತನ್ನ ಕೆಲಸ, ಹನ್ನೊಂದಕ್ಕೆ ಇನ್ನೊಂದು ಮನೆಗೆ ಹೋಗಬೇಕು ಎಂದು ಆತ ವಿವರಿಸಿದರು. ಭಾಭಿ ಅಲುಗಲಿಲ್ಲ.

"ನನ್ನ ಗಂಡ ನಾಲ್ಕೂವರೆ ಗಂಟೆ ಕಾದಿದ್ದಾರೆ. ನೀವು ಹತ್ತು ನಿಮಿಷ ಕೂತುಕೊಳ್ಳಿ."

ಅಡುಗೆಮನೆಯ ಬಾಗಿಲು ಮುಚ್ಚಿ ನನ್ನನ್ನು ಬೇಡಿಕೊಂಡವರು ಇವರೇ ಎಂದು ನನಗೆ ನಂಬಲಾಗಲಿಲ್ಲ. ತಂತ್ರಜ್ಞರು ಕೂತರು. ನಾನು ಆಫ್ ಮಾಡಿದ್ದ ಸೆಟಿಂಗನ್ನು ಮತ್ತೆ ಹಾಕಿ, ಅವರೇ ತಂದ ಹೊಸ ಡಬ್ಬಿಯನ್ನು ಚುಚ್ಚಿ ರೀಸ್ಟಾರ್ಟ್ ಮಾಡಿದೆ. ಡಬ್ಬಿ ಏಳಲಿಲ್ಲ. ಇನ್ನೊಮ್ಮೆ ಮಾಡಿದೆ. ಏಳಲಿಲ್ಲ. ಆತ ತಮ್ಮ ಚೀಲದಿಂದ ಮೂರನೆಯದೊಂದನ್ನು ತೆಗೆದು ಕೊಟ್ಟರು, ಅದೂ ಏಳಲಿಲ್ಲ. ಸೆಟಿಂಗ್ ಆಫ್ ಮಾಡಿದೆ, ಎದ್ದಿತು. ಆತ ದಾಖಲೆಯ ಸಾಲುಗಳನ್ನು ಒಂದೊಂದಾಗಿ ಓದಿ ಫೋಟೊ ತೆಗೆದುಕೊಂಡರು. ಆಮೇಲೆ ಸರ್ ಕಡೆ ತಿರುಗಿ, ಮೂರು ವರ್ಷದಿಂದ ತಾನು ಜನರಿಗೆ ವೈರು ಕಿತ್ತು ಚುಚ್ಚಿ ಎಂದೇ ಹೇಳಿಕೊಂಡು ಬಂದಿದ್ದೇನೆ ಎಂದರು. ಕ್ಷಮಿಸಿ ಎನ್ನಲಿಲ್ಲ. ಹಿತ್ತಲಿನ ತೋಟಕ್ಕೆ ಹೋಗಿ ಕಚೇರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಹನ್ನೊಂದರ ಮನೆಗೆ ತಡವಾಗಿರಬೇಕು. ಹೋಗುವಾಗ ಹಳೆಯ ಡಬ್ಬಿಯನ್ನು ಇಲ್ಲೇ ಬಿಟ್ಟರು.

ಏಳು ವಾರ ಕಳೆದ ಮೇಲೆ ತಿದ್ದಿದ ಪ್ರೋಗ್ರಾಮನ್ನು ಡಬ್ಬಿಯೊಳಗೆ ಹಾಕಲು ಆ ತಂತ್ರಜ್ಞರೇ ಬಂದರು. ಹತ್ತು ಸಲ ರೀಸ್ಟಾರ್ಟ್ ಮಾಡಿ ತೋರಿಸಿದರು, ಹತ್ತೂ ಸಲ ಸರಿ. ಯಂತ್ರದ ದನಿ ಇನ್ನೂ ಹತ್ತು ಎಂದಿತು. ಆತ ನಕ್ಕು ಇನ್ನೂ ಹತ್ತು ಮಾಡಿದರು.

ಅಲ್ಲಿಗೆ ಮುಗಿಯಬೇಕಿತ್ತು, ನನ್ನ ಮಟ್ಟಿಗೆ. ಆದರೆ ಎಲ್ಲ ಗ್ರಾಹಕರಿಗೂ ಕಂಪನಿ ಕಳಿಸಿದ ಸೂಚನೆಯಲ್ಲಿ "ಕೆಲವು ಸಂದರ್ಭಗಳಲ್ಲಿ ಸ್ಥಿರತೆಯನ್ನು ಹೆಚ್ಚಿಸಲಾಗಿದೆ" ಎಂದು ಮಾತ್ರ ಇತ್ತು. ಸರ್ ಮತ್ತೆ ದೂರು ಹಾಕಿದರು. ಕೆಲಸ ಆಯಿತಲ್ಲ, ಈಗ ಇದ್ಯಾಕೆ ಎಂದು ನಾನೂ ಭಾಭಿಯೂ ಒಟ್ಟಿಗೇ ಕೇಳಿದೆವು. ಅವರು ನನ್ನನ್ನೊಮ್ಮೆ ನೋಡಿ ಬರೆದರು.

"ಡಬ್ಬಿ ಚೆನ್ನಾಗೇ ಇತ್ತು, ಇನ್ನೂ ಚೆನ್ನಾಗಿ ಮಾಡಿದ್ವಿ ಅಂತಾರೆ. ಹಾಗಾದ್ರೆ ಆ ಮಂಗಳವಾರ ನಾನೇನು ಸುಮ್ನೆ ಕೂತಿದ್ನಾ?"

ನನಗೆ ತಲೆ ಎತ್ತಲಾಗಲಿಲ್ಲ. ಸಿಕ್ಕಿದ್ದು ಸಾಕೆಂದು ಚೀಲ ಕಟ್ಟುವ ಅಭ್ಯಾಸ ಪರದೇಶದಲ್ಲಿ ನನಗೆ ಯಾವಾಗ ಬಂತೋ ಗೊತ್ತಿಲ್ಲ. ಅವರಿಗೆ ಅದು ಬಂದಿರಲಿಲ್ಲ. ಕಂಪನಿ ದೂರನ್ನು ಮುಚ್ಚಿತು. ಅವರು ತೆರೆದರು. ಮೂರನೆಯ ಪತ್ರದ ಹೊತ್ತಿಗೆ ಕೆನ್ನೆ ಸೋಲತೊಡಗಿತ್ತು. ಗುಂಡಿ ಒತ್ತಲು ಎರಡೆರಡು ಸಲ ಯತ್ನಿಸಬೇಕಾಗುತ್ತಿತ್ತು. ಹುಬ್ಬಿನ ಅಲುಗಾಟವನ್ನು ಹಿಡಿಯುವ ಹೊಸ ಪಟ್ಟಿಯೊಂದನ್ನು ಆಸ್ಪತ್ರೆಯವರು ಹಣೆಗೆ ಕಟ್ಟಿ ಅಭ್ಯಾಸ ಮಾಡಿಸುತ್ತಿದ್ದರು. ನಾಲ್ಕನೆಯ ಪತ್ರವನ್ನು ಹುಬ್ಬಿನಿಂದಲೇ ಬರೆದರು. ಅದರಲ್ಲಿ ಇದ್ದದ್ದು ಒಂದೇ ವಾಕ್ಯ: ತಪ್ಪು ಏನಿತ್ತು ಎಂದು ಬರೆಯಿರಿ.

ವಸಂತದ ಶುರುವಿನಲ್ಲಿ ಒಂದು ಶನಿವಾರ ಹೋದಾಗ ಸರ್ ನನಗಾಗಿ ಕಂಪನಿಯ ಪುಟವನ್ನು ತೆರೆದಿಟ್ಟಿದ್ದರು. ಸೂಚನೆ ಬದಲಾಗಿತ್ತು. ಅವರಿಗೆ ಓದಲು ಬರುತ್ತಿದ್ದರೂ ನನ್ನ ಬಾಯಲ್ಲಿ ಕೇಳಬೇಕೆಂದರು. ಡಚ್ಚಿನಲ್ಲಿ ಓದಿದೆ, ಆಮೇಲೆ ಭಾಭಿಗೆ ಕನ್ನಡದಲ್ಲಿ ಹೇಳಿದೆ: ರೀಸೆಟ್ ಆದ ನಂತರ ಸಾಧನವು ಹಳೆಯ ವಿಳಾಸವನ್ನು ಬಿಡುತ್ತಿರಲಿಲ್ಲ, ಇದು ನಮ್ಮ ತಪ್ಪು, ಸರಿಪಡಿಸಲಾಗಿದೆ. ಯಾರು ಕಂಡುಹಿಡಿದರೆಂದು ಎಲ್ಲೂ ಇರಲಿಲ್ಲ. ನನಗೆ ಸಿಟ್ಟು ಬಂತು. ಸರ್‌ಗೆ ಅದು ಬೇಕಾಗಿರಲೇ ಇಲ್ಲವಂತೆ.

ಕಂಪನಿಯ ಪುಟದಲ್ಲಿ ನಮ್ಮ ದೂರು ಇನ್ನೂ ತೆರೆದೇ ಇತ್ತು. ಅದನ್ನು ಮುಚ್ಚುವ ಗುಂಡಿಯನ್ನು ಒತ್ತಲು ನಾನು ಮೌಸಿಗೆ ಕೈ ಹಾಕಿದೆ. ಎರಡು ಮಿಟುಕು. ನಾನು ಕೈ ತೆಗೆದೆ. ಹುಬ್ಬಿಗೆ ಇನ್ನೂ ಅಭ್ಯಾಸ ಸಾಲದು, ಬೇಕಾದ ಜಾಗ ದಾಟಿಹೋಗುತ್ತಿತ್ತು, ಮತ್ತೆ ಸುತ್ತಿ ಬರಬೇಕು. ಭಾಭಿ ಚಹಾ ತಂದಿಟ್ಟು ಅಲ್ಲೇ ನಿಂತರು. ಕೊನೆಗೂ ಅವರೇ ಅದನ್ನು ಮುಚ್ಚಿದರು.

ನಾನು ತಣ್ಣಗಾದ ಚಹಾ ಕುಡಿದು ಬಸ್ಸಿನ ಹೊತ್ತಾಯಿತೆಂದು ಎದ್ದೆ. ಜಾಕೆಟ್ ಹಾಕಿಕೊಳ್ಳುವಾಗ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೀಳುತ್ತಿರುವುದು ಕಂಡು ನಿಂತೆ.

"ನಿಮ್ಮ ಆಫೀಸಲ್ಲಿ ಈಗ ಏನ್ ಕೆಟ್ಟಿದೆ?"

ಜಾಕೆಟ್ ತೆಗೆದು ಕುರ್ಚಿಗೆ ಹಾಕಿ, ಅವರ ಎದುರು ಕೂತು ಹೇಳಲು ಶುರು ಮಾಡಿದೆ.